ಊರಿನ ಊಟ ಒಂದೇ ಹಾಳೆಯಲ್ಲಿ: ಉತ್ತರ ಕನ್ನಡದ ಅಡುಗೆಯ ಇನ್ಫೋಗ್ರಾಫಿಕ್ ಮಾಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿಯಲ್ಲಿ ನನ್ನದೊಂದು ಚಿಕ್ಕ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಬ್ಯಾನರ್‌ಗಳ ನಡುವೆ ನನಗೆ ತೀರಾ ಇಷ್ಟದ ಕೆಲಸ ಒಂದಿದೆ. ನಮ್ಮ ಜಿಲ್ಲೆಯ ಊಟವನ್ನು ಚಿತ್ರ, ನಕ್ಷೆ, ಅಂಕಿಗಳಲ್ಲಿ ಹಾಳೆಯ ಮೇಲೆ ತರುವುದು. ಅಮ್ಮನ ತವರು ಕುಮಟಾ ಹತ್ತಿರ, ಅಪ್ಪನ ಮನೆ ಶಿರಸಿ. ಚಿಕ್ಕಂದಿನಿಂದ ದೇವಿಮನೆ ಘಟ್ಟ ಹತ್ತಿ ಇಳಿದು ಎರಡೂ ಕಡೆ ಉಂಡವಳು ನಾನು. ಶಾಲೆಯ ಮೇಷ್ಟ್ರು, ಕಾಲೇಜು ಹುಡುಗರು, ಮಹಿಳಾ ಸಂಘದವರು ಫೋನ್ ಮಾಡಿ, ಪತ್ರ ಬರೆದು, ಅಂಗಡಿಗೇ ಬಂದು ಕೇಳಿದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ.

## ಶುರು ಮಾಡುವ ಮುಂಚೆ

ಇನ್ಫೋಗ್ರಾಫಿಕ್ ಅಂದ್ರೆ ಚಂದದ ಪೋಸ್ಟರ್ ತಾನೇ? ಬೇರೆ ಏನು?

ಪೋಸ್ಟರ್ ನೋಡಿದವರು "ಚೆಂದ ಇದೆ" ಅಂತಾರೆ. ಇನ್ಫೋಗ್ರಾಫಿಕ್ ನೋಡಿದವರು "ಓ, ಹಾಗಾ!" ಅನ್ನಬೇಕು. ಹತ್ತು ತಿನಿಸಿನ ಫೋಟೋ ಸಾಲಾಗಿ ಹಾಕಿ ಕೆಳಗೆ ಹೆಸರು ಬರೆದರೆ ಅದು ಹೋಟೆಲಿನ ಮೆನು ಆಗುತ್ತದೆ. ಅದೇ ಹತ್ತು ತಿನಿಸು ಯಾವ ನೆಲದಲ್ಲಿ, ಯಾವ ತಿಂಗಳಲ್ಲಿ, ಯಾಕೆ ಹುಟ್ಟಿದವು ಅಂತ ಕಣ್ಣಿಗೆ ಕಾಣುವ ಹಾಗೆ ಜೋಡಿಸಿದರೆ ಇನ್ಫೋಗ್ರಾಫಿಕ್. ಆದ್ದರಿಂದ ಮೊದಲು ಒಂದು ಪ್ರಶ್ನೆ ಆರಿಸಿಕೊಳ್ಳಿ. ಒಂದು ಹಾಳೆಗೆ ಒಂದೇ ಪ್ರಶ್ನೆ. "ಕುಮಟಾದಲ್ಲಿ ಹಾಕುವ ಹುಳಿ ಬೇರೆ, ಸಿದ್ದಾಪುರದಲ್ಲಿ ಹಾಕುವ ಹುಳಿ ಬೇರೆ ಯಾಕೆ?" ಇದು ಪ್ರಶ್ನೆ. "ಉತ್ತರ ಕನ್ನಡದ ಸವಿರುಚಿ" ಅನ್ನುವುದು ಬರೀ ತಲೆಬರಹ.

ಅಕ್ಕಾ, ಇಡೀ ಭಾರತದ ಅಡುಗೆ ನಕ್ಷೆ ಮಾಡೋಣ ಅಂತಿದ್ದೇವೆ. ಜಿಲ್ಲೆಯದ್ದು ಮಾಡಿದ್ರೆ ತೀರಾ ಸಣ್ಣದಾಯ್ತು ಅನಿಸಲ್ವಾ?

ಭಾರತದ ನಕ್ಷೆ ಮಾಡಿದರೆ ಕರ್ನಾಟಕಕ್ಕೆ ಸಿಗುವ ಜಾಗ ಒಂದು ಬೆಂಕಿಪೊಟ್ಟಣದಷ್ಟು. ಅದರಲ್ಲಿ ಒಂದು ದೋಸೆ, ಒಂದು ಮುದ್ದೆ ಕೂತರೆ ಮುಗಿಯಿತು. ಕಾರವಾರದ ಮೀನುಸಾರಿಗಾಗಲೀ ಶಿರಸಿಯ ತಂಬುಳಿಗಾಗಲೀ ಅಲ್ಲಿ ಜಾಗವೇ ಇಲ್ಲ. ನೀವು ಯಾವ ಅಡುಗೆಮನೆಗೆ ಹೋಗಿ ನಿಂತು ಕೇಳಬಲ್ಲಿರೋ ಅಷ್ಟು ದೊಡ್ಡ ಪ್ರದೇಶ ತೆಗೆದುಕೊಳ್ಳಿ. ನಮ್ಮ ಜಿಲ್ಲೆಯೇ 10,291 ಚದರ ಕಿಲೋಮೀಟರ್ ಇದೆ. ಅದು ಸಣ್ಣದಲ್ಲ.

ದೇಶದ ನಕ್ಷೆ ಮಾಡಲೇಬೇಕು ಅಂದರೆ ಒಂದು ಎಚ್ಚರಿಕೆ. ಗಡಿರೇಖೆಯನ್ನು ಸರ್ವೆ ಆಫ್ ಇಂಡಿಯಾ ಕೊಡುವ ನಕ್ಷೆಯಿಂದಲೇ ತೆಗೆದುಕೊಳ್ಳಿ. ನೆಟ್‌ನಲ್ಲಿ ಸಿಕ್ಕ ಹೊರದೇಶದ ನಕ್ಷೆಗಳಲ್ಲಿ ಕಾಶ್ಮೀರ, ಅರುಣಾಚಲದ ಗೆರೆ ಬೇರೆ ಇರುತ್ತದೆ. ಊಟದ ಚಾರ್ಟು ಅಂತ ಯಾರೂ ಬಿಡುವುದಿಲ್ಲ.

ನಮ್ಮ ಜಿಲ್ಲೆ ಅಂದ್ರೆ ಕರಾವಳಿ ಮತ್ತು ಮಲೆನಾಡು. ಎರಡು ಭಾಗ ಮಾಡಿದ್ರೆ ಸಾಕಲ್ವಾ?

ಸಾಕಾಗುವುದಿಲ್ಲ. 12 ತಾಲೂಕು ಇವೆ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ ಕಡಲ ಬದಿಗೆ. ಇದರಲ್ಲೇ ಎಷ್ಟು ಬೇರೆ ಬೇರೆ ಅಡುಗೆ ನೋಡಿ. ಕಾರವಾರದಲ್ಲಿ ಕೊಂಕಣಿ ಮನೆಗಳ ಅಡುಗೆ, ಗೋವಾ ಪಕ್ಕದಲ್ಲೇ. ಭಟ್ಕಳದಲ್ಲಿ ನವಾಯತ ಮುಸ್ಲಿಮರ ಅಡುಗೆ. ಅಲ್ಲಿ ಅಕ್ಕಿಯ ಬದಲು ಶಾವಿಗೆಯ ಬಿರಿಯಾನಿಯೂ ಆಗುತ್ತದೆ. ಇವೆರಡನ್ನೂ "ಕರಾವಳಿ ಊಟ" ಅಂತ ಒಂದೇ ಬಣ್ಣ ಬಳಿದರೆ ಇಬ್ಬರಿಗೂ ಅನ್ಯಾಯ.

ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ತೋಟದ ಸೀಮೆ ಒಂದು. ಮುಂಡಗೋಡ, ಹಳಿಯಾಳ ಬಯಲಿಗೆ ಹತ್ತಿರ. ಅಲ್ಲಿ ಜೋಳದ ರೊಟ್ಟಿ ಶುರುವಾಗುತ್ತದೆ, ಧಾರವಾಡದ ರುಚಿ ಸಿಗುತ್ತದೆ. ಮುಂಡಗೋಡದಲ್ಲೇ 1966ರಿಂದ ಟಿಬೆಟಿಯನ್ನರ ನೆಲೆ ಇದೆ. ಅರವತ್ತು ವರ್ಷ ಹತ್ತಿರವಾಯಿತು, ಅವರ ಮೊಮೊ, ತುಕ್ಪಾ ಈ ಜಿಲ್ಲೆಯ ಊಟ ಅಲ್ಲ ಅನ್ನಲು ನನಗಂತೂ ಮನಸ್ಸಿಲ್ಲ. ಜೋಯಿಡಾದಲ್ಲಿ ಕುಣಬಿ ಸಮುದಾಯದವರ ಗೆಡ್ಡೆ-ಗೆಣಸು. ಅಲ್ಲಿನ ಗೆಡ್ಡೆ ಮೇಳಕ್ಕೆ ಒಮ್ಮೆ ಹೋಗಿ ಬನ್ನಿ. ಗೆಡ್ಡೆಯಲ್ಲಿ ಎಷ್ಟು ಆಕಾರ, ಎಷ್ಟು ಬಣ್ಣ ಇದೆ ಅಂತ ಕಂಡ ಮೇಲೆ ನಿಮ್ಮ ಚಾರ್ಟೇ ಬದಲಾಗುತ್ತದೆ. ದಾಂಡೇಲಿ ಕಾರ್ಖಾನೆಯಿಂದ ಬೆಳೆದ ಊರು, ಹೊರಗಿನವರೆಲ್ಲ ಬಂದು ನೆಲೆಸಿದ್ದು.

ನಾನು ಕೊನೆಗೆ ಐದು ಭಾಗ ಮಾಡಿಕೊಂಡೆ: ಕಡಲು, ಅಳಿವೆ (ಹೊಳೆ ಕಡಲು ಸೇರುವ ಜಾಗ), ಘಟ್ಟದ ಕಾಡು, ತೋಟ, ಬಯಲಸೆರಗು. ತಾಲೂಕಿನ ಗಡಿ ಬಿಟ್ಟು ನೆಲದ ಗುಣ ಹಿಡಿದರೆ ಅಡುಗೆ ತಾನಾಗಿಯೇ ಸರಿಯಾಗಿ ಕೂರುತ್ತದೆ.

ನೀವು ಎಲ್ಲರಿಗೂ "ಹುಳಿಯಿಂದ ಶುರು ಮಾಡಿ" ಅಂತೀರಿ. ಯಾಕೆ ಹುಳಿ?

ಉಪ್ಪು, ಬೆಲ್ಲ, ಕಾಯಿ ಎಲ್ಲ ಮನೆಯಲ್ಲೂ ಹೆಚ್ಚುಕಡಿಮೆ ಒಂದೇ. ಹುಳಿ ಹಾಗಲ್ಲ. ಅದು ಹಿತ್ತಲಿನಿಂದ, ಪಕ್ಕದ ಕಾಡಿನಿಂದ ಬರುತ್ತದೆ. ಯಾವ ಹುಳಿ ಹಾಕಿದ್ದಾರೆ ಅಂತ ಗೊತ್ತಾದರೆ ಆ ಮನೆ ಎಲ್ಲಿದೆ ಅಂತ ಅಂದಾಜು ಮಾಡಬಹುದು.

ಕಾರವಾರ ಕಡೆ ಮೀನುಸಾರಿಗೆ ಸೋಲ, ಅಂದರೆ ಒಣಗಿಸಿದ ಕೋಕಂ ಹಣ್ಣಿನ ಸಿಪ್ಪೆ. ಘಟ್ಟದ ಮೇಲೆ ಅದೇ ಮರಕ್ಕೆ ಮುರುಗಲು ಅನ್ನುತ್ತೇವೆ, ಬೇಸಿಗೆಯಲ್ಲಿ ಅದರ ಪಾನಕ ಮಾಡುತ್ತೇವೆ. ಅದರದ್ದೇ ಬಳಗದ ಉಪ್ಪಾಗೆ ಮಳೆಕಾಡಿನ ಮರ. ಹಣ್ಣಿನ ಸಿಪ್ಪೆಯನ್ನು ಹೊಗೆ, ಬೆಂಕಿಯ ಶಾಖದಲ್ಲಿ ಒಣಗಿಸುತ್ತಾರೆ, ಬೀಜದಿಂದ ತುಪ್ಪ ತೆಗೆಯುತ್ತಾರೆ. ಶಿರಸಿ, ಸಿದ್ದಾಪುರದಲ್ಲಿ ವಾಟೆಹುಳಿ ಇದೆ, ಕಾಯಿ ಸೀಳಿ ಒಣಗಿಸಿಟ್ಟದ್ದು. ಮಾವಿನ ಕಾಯಿಯ ಅಪ್ಪೆಹುಳಿ ಇದೆ. ಕಂಚಿಕಾಯಿ, ಅಮಟೆಕಾಯಿ, ಬಿಂಬುಳಿ ಇವೆ. ತಂಬುಳಿಗೆ ಹುಳಿ ಬರುವುದು ಮಜ್ಜಿಗೆಯಿಂದ. ಬಯಲು ಹತ್ತಿರವಾದ ಹಾಗೆ ಹುಣಸೆ ಜಾಸ್ತಿ ಆಗುತ್ತದೆ.

ಇದನ್ನೆಲ್ಲ ಒಂದು ಹಾಳೆಯಲ್ಲಿ ಇಟ್ಟು ನೋಡಿ. ಕಾಡು, ಮಳೆ, ದನದ ಹಟ್ಟಿ, ಸಂತೆ ಎಲ್ಲವೂ ಅದರೊಳಗೇ ಬಂದುಬಿಡುತ್ತವೆ. ಸಸ್ಯಾಹಾರಿಗಳ ಮನೆ, ಮೀನು ತಿನ್ನುವವರ ಮನೆ ಅಂತ ಬೇರೆ ಮಾಡುವ ಅಗತ್ಯವೂ ಬೀಳುವುದಿಲ್ಲ. ಒಂದೇ ಮರದ ಹಣ್ಣು ಒಬ್ಬರ ಬಂಗಡೆ ಸಾರಿಗೂ ಇನ್ನೊಬ್ಬರ ಸಾರಿಗೂ ಹೋಗುತ್ತದೆ. ನಮ್ಮ ಜಿಲ್ಲೆಯ ಜನರನ್ನು ಒಟ್ಟಿಗೆ ಕೂರಿಸುವ ಎಳೆ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ.

ನನ್ನ ಪಟ್ಟಿಯಲ್ಲಿ 60 ತಿನಿಸು ಇದೆ. ಎಷ್ಟು ಹಾಕಲಿ?

ಎ2 ಹಾಳೆಗೆ 15ರಿಂದ 20. ಉಳಿದದ್ದನ್ನು ಎಸೆಯಬೇಡಿ, ಮುಂದಿನ ಹಾಳೆಗೆ ಇಟ್ಟುಕೊಳ್ಳಿ. ಪ್ರತಿ ತಿನಿಸಿಗೂ ಕೇಳಿಕೊಳ್ಳಿ: ಇದನ್ನು ತೆಗೆದರೆ ನನ್ನ ಪ್ರಶ್ನೆಗೆ ಉತ್ತರ ಕಡಿಮೆಯಾಗುತ್ತದಾ? ಆಗದಿದ್ದರೆ ತೆಗೆಯಿರಿ.

## ಮಾಹಿತಿ ಕೂಡಿಸುವುದು

ಮಾಹಿತಿ ಎಲ್ಲಿಂದ ತರೋದು? ನೆಟ್‌ನಲ್ಲಿ ಹುಡುಕಿದ್ರೆ ಎಲ್ಲ ಮಂಗಳೂರು, ಉಡುಪಿ ಅಂತಲೇ ಬರ್ತದೆ.

ಸಂತೆಯಿಂದ. ಮೀನುಪೇಟೆಯಿಂದ. ಮನೆಯ ಹಿರಿಯರಿಂದ. ಕುಮಟಾ ಹತ್ತಿರ ಹೆದ್ದಾರಿ ಬದಿಯಲ್ಲಿ ಬೇಸಿಗೆಯಲ್ಲಿ ಜಡೆ ಹೆಣೆದ ಹಾಗೆ ಈರುಳ್ಳಿ ಗೊಂಚಲು ತೂಗುಹಾಕಿರುತ್ತಾರೆ ನೋಡಿ. ಅಲ್ಲಿ ಹತ್ತು ನಿಮಿಷ ನಿಂತರೆ ಸಿಹಿ ಈರುಳ್ಳಿಯ ಬಗ್ಗೆ ನೆಟ್‌ನಲ್ಲಿ ಸಿಗದಷ್ಟು ಸಿಗುತ್ತದೆ.

ಕೇಳುವ ರೀತಿ ಮುಖ್ಯ. "ನಿಮ್ಮ ವಿಶೇಷ ಅಡುಗೆ ಯಾವುದು?" ಅಂದರೆ ಎಲ್ಲರೂ ಹಬ್ಬದ ಅಡುಗೆ ಹೇಳುತ್ತಾರೆ. "ನಿನ್ನೆ ರಾತ್ರಿ ಏನು ಮಾಡಿದ್ರಿ? ಅದಕ್ಕೆ ಹುಳಿ ಯಾವುದು? ಎಲ್ಲಿಂದ ತಂದ್ರಿ?" ಅಂತ ಕೇಳಿ. ಒಂದು ತಿನಿಸಿಗೆ ಕನಿಷ್ಠ ಮೂರು ಮನೆಗಳಲ್ಲಿ ಕೇಳಿ. ಮೂವರೂ ಒಂದೇ ಹೇಳಿದರೆ ಬರೆಯಿರಿ. ಬೇರೆ ಬೇರೆ ಹೇಳಿದರೆ ಇನ್ನೂ ಒಳ್ಳೆಯದು, ಆ ವ್ಯತ್ಯಾಸವನ್ನೇ ತೋರಿಸಬಹುದು.

ಒಂದೇ ಮೀನಿಗೆ ಮೂರು ಹೆಸರು. ಯಾವುದು ಬರೀಲಿ?

ಮಂಗಳೂರಿನ ಬೂತಾಯಿ ಕುಂದಾಪುರದಲ್ಲಿ ಬೈಗೆ, ನಮ್ಮಲ್ಲಿ ತಾರ್ಲೆ. ನಮ್ಮ ಚಾರ್ಟಿನಲ್ಲಿ ದೊಡ್ಡ ಅಕ್ಷರದಲ್ಲಿ ತಾರ್ಲೆ ಇರಲಿ. ಬೇರೆ ಹೆಸರು ಕೆಳಗೆ ಸಣ್ಣದಾಗಿ. ಸೀಗಡಿಗೂ ಹಾಗೇ: ಕುಮಟಾ, ಅಂಕೋಲೆಯಲ್ಲಿ ಶೆಟ್ಲಿ, ಕೊಂಕಣಿಯಲ್ಲಿ ಸುಂಗಟ. ಘಟ್ಟದ ಮೇಲಿನ ಜುಮ್ಮನಕಾಯಿಯೇ ಕೊಂಕಣಿಯವರ ತಿರಫಳ, ಬಂಗಡೆ ಸಾರಿಗೆ ಅದು ಬಿದ್ದರೇನೇ ಪರಿಮಳ. ಇಂಥ ಜೋಡಿ ಹೆಸರುಗಳಿಗೆ ಹಾಳೆಯ ಬದಿಯಲ್ಲಿ ಒಂದು ಚಿಕ್ಕ ಕೋಷ್ಟಕ ಕೊಡಿ. ಜನ ನಿಂತು ಓದುವುದು ಅದನ್ನೇ.

ಜಾತಿ, ಸಮುದಾಯದ ಹೆಸರು ಹಾಕಬಹುದಾ? ಜಗಳ ಆಗ್ತದೇನೋ ಅಂತ ಹೆದರಿಕೆ.

ನನ್ನ ಮೊದಲ ಚಾರ್ಟಿನಲ್ಲಿ "ಶಿರಸಿ-ಸಿದ್ದಾಪುರದ ಊಟ" ಅಂತ ಬರೆದು ಅಪ್ಪೆಹುಳಿ, ತಂಬುಳಿ, ತೊಡೆದೇವು, ಕೊಟ್ಟೆ ಕಡುಬು ಅಷ್ಟನ್ನೇ ಹಾಕಿದ್ದೆ. ಒಬ್ಬ ಹಿರಿಯ ರೈತರು ಬಹಳ ಹೊತ್ತು ನಿಂತು ನೋಡಿದರು. "ತಂಗಿ, ಎಲ್ಲಾ ಚೊಲೋ ಇದೆ. ನಮ್ಮನೆ ಊಟ ಎಲ್ಲಿ?" ಅಂದರು. ಅವರ ಮನೆಯ ಗಂಜಿ, ಒಣಮೀನು, ಹೊಳೆಯ ಏಡಿ ಯಾವುದೂ ಅಲ್ಲಿರಲಿಲ್ಲ. ನಾನು ಹಾಕಿದ್ದು ಹವ್ಯಕ ಬ್ರಾಹ್ಮಣರ ಮನೆಯ ಊಟ, ಬರೆದದ್ದು ಇಡೀ ಊರಿನ ಹೆಸರು. ಆ ಮಾತು ಇವತ್ತಿಗೂ ನನಗೆ ಚುಚ್ಚುತ್ತದೆ.

ಆಮೇಲೆ ಒಂದು ನಿಯಮ ಮಾಡಿಕೊಂಡೆ. ಒಂದು ಸಮುದಾಯದ ಅಡುಗೆಯನ್ನು ಊರಿನ ಹೆಸರಲ್ಲಿ ಹಾಕುವುದಿಲ್ಲ. ಹವ್ಯಕರದ್ದಾದರೆ ಹವ್ಯಕರದ್ದು ಅಂತಲೇ ಬರೆಯುತ್ತೇನೆ. ಹಾಲಕ್ಕಿ ಒಕ್ಕಲಿಗರು, ಸಿದ್ದಿಗಳು, ಕುಣಬಿಗಳು, ನವಾಯತರು ಯಾರದ್ದೇ ಆಗಲಿ, ಅವರನ್ನೇ ಕೇಳಿ, ಅವರು ಒಪ್ಪಿದ ಹೆಸರಿನಲ್ಲೇ ಹಾಕುತ್ತೇನೆ. ಎಲ್ಲರ ಮನೆಯಲ್ಲೂ ಆಗುವ ಪತ್ರೊಡೆಯಂಥದ್ದಕ್ಕೆ ಯಾರ ಹೆಸರೂ ಬೇಡ. ಮುಚ್ಚಿಟ್ಟರೆ ಜಗಳ ಹುಟ್ಟುತ್ತದೆ. ಕೇಳಿ ಬರೆದದ್ದಕ್ಕೆ ನನ್ನ ಹತ್ತಿರ ಇಲ್ಲಿಯ ತನಕ ಯಾರೂ ಜಗಳಕ್ಕೆ ಬಂದಿಲ್ಲ.

ಜಿಐ ಟ್ಯಾಗ್ ಸಿಕ್ಕಿದ್ದನ್ನ ಮಾತ್ರ ಹಾಕಿದ್ರೆ ಯಾರೂ ಪ್ರಶ್ನೆ ಮಾಡಲ್ಲ ಅಲ್ವಾ?

ಜಿಐ ಅಂದರೆ ಒಂದು ಊರಿನ ವಿಶೇಷ ಪದಾರ್ಥಕ್ಕೆ ಕೊಡುವ ಭೌಗೋಳಿಕ ಗುರುತು. ಶಿರಸಿ ಅಡಿಕೆಗೆ 2019ರಲ್ಲಿ, ಅಂಕೋಲೆಯ ಕರಿ ಇಶಾಡ ಮಾವಿಗೆ 2023ರಲ್ಲಿ ಸಿಕ್ಕಿತು. ಉಪ್ಪಿನಕಾಯಿಗೆ ಹಾಕುವ ಅಪ್ಪೆಮಿಡಿ ಮಾವಿಗೂ ಇದೆ. ಹಾಕಿ, ಪುಟ್ಟ ಮುದ್ರೆಯ ಗುರುತು ಕೊಡಿ. ಆದರೆ ಈ ಮೂರೂ ಟ್ಯಾಗು ಬೆಳೆಗೆ ಸಿಕ್ಕಿದ್ದು, ಅಡುಗೆಯ ಹಿರಿಮೆಗೆ ಅದು ಅಳತೆಗೋಲಲ್ಲ.

ಇತಿಹಾಸ ಹಾಕೋದಾದ್ರೆ ಎಲ್ಲಿಂದ ಶುರು ಮಾಡಲಿ? ಕೆಂಪು ಮೆಣಸು ನಮ್ಮದೇ ಅಲ್ವಾ?

ಮೆಣಸಿನಕಾಯಿ ನಮ್ಮದಲ್ಲ, ಅಮೆರಿಕ ಖಂಡದ್ದು. ಪೋರ್ಚುಗೀಸರು 1498ರಲ್ಲಿ ಈ ಕರಾವಳಿಗೆ ಬಂದ ಮೇಲೆ ಬಂದದ್ದು. ಗೇರುಬೀಜ, ಅನಾನಸ್, ಪಪ್ಪಾಯಿ ಕೂಡ ಆ ಖಂಡದವೇ. ಬನವಾಸಿಯ ಅನಾನಸ್ ಗದ್ದೆ ನೋಡಿದರೆ ನಂಬಲು ಕಷ್ಟ. ಮೆಣಸಿನಕಾಯಿ ಬರುವ ಮುಂಚೆ ನಮ್ಮ ಅಡುಗೆಯ ಖಾರ ಅಂದರೆ ಕಾಳುಮೆಣಸು. ಆ ಕಾಳುಮೆಣಸಿಗಾಗಿಯೇ ಹೊರಗಿನವರು ಬಂದರು. 16ನೇ ಶತಮಾನದಲ್ಲಿ ಗೇರುಸೊಪ್ಪೆಯನ್ನು ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಅಂತಲೇ ಕರೆದರು. ಹಾಳೆಯ ಕೆಳಗೆ ಒಂದು ಉದ್ದ ಗೆರೆ ಎಳೆದು ಒಂದೊಂದು ಪದಾರ್ಥ ಬಂದ ಕಾಲ ಗುರುತಿಸಿ. ಕಾಳುಮೆಣಸು ಹೊರಗೆ ಹೋಗುವ ಬಾಣ, ಮೆಣಸಿನಕಾಯಿ ಒಳಗೆ ಬರುವ ಬಾಣ. ಮಕ್ಕಳಿಗೆ ಇದು ಬಹಳ ಹಿಡಿಸುತ್ತದೆ.

## ಚಿತ್ರ ಬರೆಯುವುದು

ನಕ್ಷೆ ಮಾಡಿದ್ರೆ ಕರಾವಳಿ ಪಟ್ಟಿ ಸಪೂರ, ಎಲ್ಲ ಹೆಸರು ಒಂದರ ಮೇಲೊಂದು ಬೀಳ್ತದೆ. ಏನು ಮಾಡಲಿ?

ನಕ್ಷೆ ಬಿಡಿ, ಅಡ್ಡಸೀಳು ಬರೆಯಿರಿ. ಹಲಸಿನ ಹಣ್ಣು ಕೊಯ್ದು ಒಳಗೆ ನೋಡುವ ಹಾಗೆ ನೆಲವನ್ನು ಕೊಯ್ದು ನೋಡುವುದು. ಕುಮಟಾದ ಕಡಲಿಂದ ಶುರು ಮಾಡಿ ಅಘನಾಶಿನಿ ಅಳಿವೆ, ದೇವಿಮನೆ ಘಟ್ಟ, ಶಿರಸಿ, ಆಮೇಲೆ ಮುಂಡಗೋಡ. ಎಡಗಡೆ ಸೊನ್ನೆ ಎತ್ತರ, ಶಿರಸಿ ಬರುವ ಹೊತ್ತಿಗೆ ಸುಮಾರು 600 ಮೀಟರ್. ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ, ಘಟ್ಟ ದಾಟಿ ಪೂರ್ವಕ್ಕೆ ಹೋದ ಹಾಗೆ ಇಳಿಯುತ್ತದೆ. ಮೇಲೆ ಮಳೆಯ ಗೆರೆ, ನಡುವೆ ನೆಲ, ಕೆಳಗೆ ತಟ್ಟೆ. ಅನ್ನ ಎಲ್ಲಿ ರೊಟ್ಟಿಯಾಗುತ್ತದೆ ಅಂತ ಕಣ್ಣಿಗೇ ಕಾಣುತ್ತದೆ.

ಅಳಿವೆಯನ್ನು ಮಾತ್ರ ದೊಡ್ಡದು ಮಾಡಿ ತೋರಿಸಿ. ಅಲ್ಲಿಯ ಗಜನಿ ಗದ್ದೆಯಲ್ಲಿ ಉಪ್ಪುನೀರು ತಡೆಯುವ ಕಗ್ಗ ಭತ್ತ ಬೆಳೆಯುತ್ತದೆ. ಭತ್ತ ಕೊಯ್ದ ಮೇಲೆ ಅದೇ ಗದ್ದೆಗೆ ಭರತದ (ಕಡಲು ಏರಿದಾಗಿನ) ನೀರು ಬಿಟ್ಟರೆ ಮೀನು, ಶೆಟ್ಲಿ. ಪಕ್ಕದಲ್ಲೇ ಸಾಣಿಕಟ್ಟೆಯ ಉಪ್ಪಿನಾಗರ. ಹೊಳೆಯಲ್ಲಿ ಬಳಚು ಅನ್ನುವ ಚಿಪ್ಪುಮೀನು. ಅನ್ನ, ಉಪ್ಪು, ಮೀನು ಮೂರೂ ಕೂಗಳತೆಯಲ್ಲಿ. 2024ರಲ್ಲಿ ಈ ಅಳಿವೆ ಜಗತ್ತಿನ ಮುಖ್ಯ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು.

ಮಳೆಗಾಲದ ಊಟ, ಬೇಸಿಗೆ ಊಟ ಬೇರೆ ಬೇರೆ. ಹೇಗೆ ತೋರಿಸೋದು?

ಗಾಲಿಯ ಹಾಗೆ ದುಂಡಗೆ ಬರೆದು 12 ಭಾಗ ಮಾಡಿ. ಒಳಗಿನ ಸುತ್ತು ಕಡಲಿನದ್ದು, ಹೊರಗಿನ ಸುತ್ತು ಘಟ್ಟದ್ದು. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಅಲ್ಲಿ ಒಳಸುತ್ತನ್ನು ಬೂದು ಮಾಡಿ, ಒಣಮೀನಿನ ಚಿತ್ರ ಹಾಕಿ. ಅದೇ ಹೊತ್ತಿಗೆ ಹೊರಸುತ್ತಿನಲ್ಲಿ ಕಳಲೆ (ಎಳೆ ಬಿದಿರು), ಕೆಸುವಿನ ಪತ್ರೊಡೆ. ಬೇಸಿಗೆಯಲ್ಲಿ ಹಲಸಿನ ಹಪ್ಪಳ, ಮುರುಗಲು, ಮಾವಿನ ಮಿಡಿ ಉಪ್ಪಿಗೆ ಹಾಕುವುದು. ಚಳಿ ಮುಗಿಯುವ ಹೊತ್ತಿಗೆ ಆಲೆಮನೆ, ಜೋನಿಬೆಲ್ಲ. ಬೇಸಿಗೆಯಲ್ಲಿ ಒಣಗಿಸಿದ್ದಕ್ಕೂ ಮಳೆಗಾಲದಲ್ಲಿ ತಿನ್ನುವುದಕ್ಕೂ ಒಂದು ಗೆರೆ ಎಳೆದು ಜೋಡಿಸಿ. ಈ ಗೆರೆ ಇಲ್ಲದಿದ್ದರೆ ಅದು ಸುಮ್ನೆ ಕ್ಯಾಲೆಂಡರ್ ಆಗುತ್ತದೆ.

ಸಸ್ಯಾಹಾರಕ್ಕೆ ಹಸಿರು, ಮೀನು-ಮಾಂಸಕ್ಕೆ ಕೆಂಪು. ಇದು ಎಲ್ಲರಿಗೂ ಅರ್ಥ ಆಗ್ತದಲ್ವಾ?

ಅರ್ಥ ಆಗುತ್ತದೆ, ಆದರೆ ಬೇಡ. ಹಸಿರು-ಕೆಂಪು ಬೇರೆ ಮಾಡಿ ನೋಡಲಾಗದ ಗಂಡಸರು ಬಹಳ ಜನ ಇದ್ದಾರೆ. ಅವರಿಗೆ ಎರಡೂ ಒಂದೇ ಮಣ್ಣುಬಣ್ಣ. ಅದಲ್ಲದೆ ಕೆಂಪು ಅಂದರೆ ಎಚ್ಚರಿಕೆ ಅಂತ ಕಣ್ಣು ಓದುತ್ತದೆ. ಒಬ್ಬರ ದಿನದ ಊಟಕ್ಕೆ ಎಚ್ಚರಿಕೆಯ ಬಣ್ಣ ಬಳಿಯುವುದು ಸರಿಯಲ್ಲ. ಬಣ್ಣವನ್ನು ಪದಾರ್ಥದಿಂದಲೇ ತೆಗೆದುಕೊಳ್ಳಿ: ಮುರುಗಲಿನ ನೇರಳೆ, ಅರಿಶಿನದ ಹಳದಿ, ಬಾಳೆಎಲೆಯ ಹಸಿರು, ಕಾಳುಮೆಣಸಿನ ಕಪ್ಪು. ನಾಲ್ಕು ಬಣ್ಣ ಸಾಕು. ಬಣ್ಣದ ಜೊತೆ ಗುರುತೂ ಇರಲಿ. ಕಪ್ಪು-ಬಿಳುಪು ಜೆರಾಕ್ಸ್ ತೆಗೆದು ನೋಡಿ, ಆಗಲೂ ಅರ್ಥವಾದರೆ ಬಣ್ಣ ಸರಿಯಿದೆ.

ಲೆಕ್ಕ ಎರಡು ಪಟ್ಟು ಇದ್ರೆ ಮೀನಿನ ಚಿತ್ರ ಎರಡು ಪಟ್ಟು ದೊಡ್ಡದು ಮಾಡಬಹುದಾ?

ಬೇಡ. ಮೀನಿನ ಉದ್ದ ಎರಡು ಪಟ್ಟು ಮಾಡಿದರೆ ಅಗಲವೂ ಎರಡು ಪಟ್ಟಾಗಿ ಹಾಳೆಯ ಮೇಲೆ ನಾಲ್ಕು ಪಟ್ಟು ಜಾಗ ಹಿಡಿಯುತ್ತದೆ. ನೋಡುವವರಿಗೆ ಲೆಕ್ಕ ನಾಲ್ಕು ಪಟ್ಟು ಅನಿಸುತ್ತದೆ. ಒಂದೇ ಅಳತೆಯ ಮೀನು ಇಟ್ಟು ಎಣಿಕೆ ಹೆಚ್ಚಿಸಿ.

ತೊಡೆದೇವು ಅನ್ನುವ ಹಾಳೆಯಂಥ ಸಿಹಿತಿಂಡಿ ಮಾಡೋದನ್ನ ಚಿತ್ರದಲ್ಲಿ ತೋರಿಸಬೇಕು. ಎಷ್ಟು ಹಂತ?

ನಾಲ್ಕು. ಕಬ್ಬಿನಹಾಲಿನ ಜೊತೆ ಅರೆದ ತೆಳು ಅಕ್ಕಿಹಿಟ್ಟು. ಒಲೆಯ ಮೇಲೆ ಬೋರಲು ಹಾಕಿದ ಮಡಕೆ. ಹಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಮಡಕೆಯ ಮೇಲೆ ಒಂದೇ ಎಳೆತ. ಹಾಳೆಯಂತೆ ಎದ್ದದ್ದನ್ನು ಮಡಚುವುದು. ಮೂರನೇ ಚಿತ್ರ ಉಳಿದವುಗಳಿಗಿಂತ ದೊಡ್ಡದಿರಲಿ, ಕೈ ಯಾವ ಕಡೆಯಿಂದ ಯಾವ ಕಡೆಗೆ ಹೋಗುತ್ತದೆ ಅಂತ ಬಾಣ ಇರಲಿ. ಇಡೀ ಕೌಶಲ ಇರುವುದು ಆ ಎಳೆತದಲ್ಲಿ. ನಾನು ಅದನ್ನು ಬರೆಯುವ ಮುಂಚೆ ನಮ್ಮ ದೊಡ್ಡಮ್ಮನ ಪಕ್ಕ ಒಂದು ಮಧ್ಯಾಹ್ನ ಪೂರ್ತಿ ಕೂತು ನೋಡಿದೆ. ಫೋಟೋ ನೋಡಿ ಬರೆದಿದ್ದರೆ ಕೈ ತಪ್ಪಾಗುತ್ತಿತ್ತು.

## ಅಕ್ಷರ, ಮುದ್ರಣ, ಆಮೇಲಿನದು

ಮೇಡಂ, ಕಂಪ್ಯೂಟರಿನಲ್ಲಿ ಸರಿ ಇರ್ತದೆ, ಪ್ರಿಂಟ್ ಬಂದಾಗ ಒತ್ತಕ್ಷರ ಒಡೆದು ಹೋಗಿರ್ತದೆ. ಯಾಕೆ?

ನನಗೂ ಆಗಿದೆ. ಒಂದು ಪ್ರೆಸ್ಸಿಗೆ ಫೈಲ್ ಕೊಟ್ಟಿದ್ದೆ, 200 ಪ್ರತಿ ಬಂತು. "ಅಪ್ಪೆಹುಳಿ"ಯ ಪಕಾರದ ಒತ್ತು ಕಳಚಿ ಪಕ್ಕದಲ್ಲಿ ಕೂತಿತ್ತು. ಅಷ್ಟೂ ರದ್ದಿಗೆ ಹೋಯಿತು.

ಫೋಟೋಶಾಪ್, ಇಲ್ಲಸ್ಟ್ರೇಟರ್‌ನಲ್ಲಿ ವರ್ಲ್ಡ್-ರೆಡಿ ಅನ್ನುವ ಆಯ್ಕೆ ಆನ್ ಮಾಡಿದರೆ ಕನ್ನಡ ಸರಿಯಾಗಿ ಕೂಡಿಕೊಳ್ಳುತ್ತದೆ. ಉಚಿತವಾಗಿ ಸಿಗುವ ಇಂಕ್‌ಸ್ಕೇಪ್‌ನಲ್ಲಿ ಆ ತೊಂದರೆ ಇಲ್ಲ. ಹಳೆಯ "ನುಡಿ" ತಂತ್ರಾಂಶದ ಅಕ್ಷರಗಳಲ್ಲಿ ಟೈಪ್ ಮಾಡಿದ್ದಿದ್ದರೆ ಮೊದಲು ಯೂನಿಕೋಡಿಗೆ ಬದಲಿಸಿ. ಪ್ರೆಸ್ಸಿಗೆ ಕೊಡುವ ಮುಂಚೆ ಅಕ್ಷರವನ್ನೆಲ್ಲ ಕರ್ವ್ ಮಾಡಿ (ಅಂದರೆ ಚಿತ್ರದ ಗೆರೆಗಳಾಗಿ ಬದಲಿಸಿ), ಪಿಡಿಎಫ್ ಮಾಡಿ ಕೊಡಿ. ಕರ್ವ್ ಮಾಡದ ಮೂಲ ಫೈಲ್ ಬೇರೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ಮುಂದೆ ಒಂದು ಅಕ್ಷರವನ್ನೂ ತಿದ್ದಲು ಬರುವುದಿಲ್ಲ. ಮೊದಲು ಒಂದೇ ಪ್ರತಿ ತೆಗೆಸಿ ಓದಿ.

ಯಾವ ಫಾಂಟ್ ಒಳ್ಳೇದು?

ತಲೆಬರಹಕ್ಕೆ ಬಲೂ ತಮ್ಮ, ಒಳಗಿನ ಬರಹಕ್ಕೆ ಅನೇಕ್ ಕನ್ನಡ ಅಥವಾ ನೋಟೋ ಸಾನ್ಸ್ ಕನ್ನಡ. ಎಲ್ಲವೂ ಉಚಿತ. ಎರಡಕ್ಕಿಂತ ಜಾಸ್ತಿ ಫಾಂಟ್ ಬೇಡ. ನಮ್ಮ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಆದ್ದರಿಂದ ಸಾಲುಗಳ ನಡುವೆ ಧಾರಾಳ ಜಾಗ ಬಿಡಿ.

ಗೋಡೆಗೂ ಬೇಕು, ವಾಟ್ಸಾಪಿಗೂ ಬೇಕು. ಒಂದೇ ಫೈಲ್ ಸಾಕಾ?

ಬೇರೆ ಬೇರೆ ಮಾಡಿ. ಎ2 ಅಂದರೆ 420×594 ಮಿಲಿಮೀಟರ್, 300 ಡಿಪಿಐಗೆ ಸುಮಾರು 4,961×7,016 ಪಿಕ್ಸೆಲ್. ಅದನ್ನು ಹಾಗೇ ಕುಗ್ಗಿಸಿ ಮೊಬೈಲಿಗೆ ಕಳಿಸಿದರೆ ಯಾರಿಗೂ ಓದಲು ಆಗುವುದಿಲ್ಲ. ಮೊಬೈಲಿಗೆ ಅದನ್ನೇ ಐದಾರು ಬಿಡಿ ಚಿತ್ರ ಮಾಡಿ, ಒಂದೊಂದರಲ್ಲಿ ಒಂದೊಂದೇ ಹುಳಿ. ಗೋಡೆಯದ್ದನ್ನು ಎರಡು ಮೀಟರ್ ದೂರ ನಿಂತು ಓದಿ ನೋಡಿ. ಮಾರಿಕಾಂಬಾ ಜಾತ್ರೆಯಂಥ ಗದ್ದಲದಲ್ಲಿ ತೂಗುಹಾಕುವುದಾದರೆ ಎ1ಕ್ಕಿಂತ ಸಣ್ಣದು ಬೇಡ.

ಬೇರೆಯವರ ಫೋಟೋ, ನಕ್ಷೆ ಬಳಸಬಹುದಾ?

ಕೇಳದೆ ಫೋಟೋ ಬಳಸಬೇಡಿ. ನಕ್ಷೆಗೆ ಓಪನ್‌ಸ್ಟ್ರೀಟ್‌ಮ್ಯಾಪ್ ಬಳಸಬಹುದು, ಆದರೆ ಅದರ ಹೆಸರು ಮೂಲೆಯಲ್ಲಿ ಹಾಕಲೇಬೇಕು. ಅಡುಗೆ ಹೇಳಿಕೊಟ್ಟವರ ಹೆಸರು ಹಾಕಬೇಕಾ ಅಂತ ಅವರನ್ನೇ ಕೇಳಿ. ಕೆಲವರಿಗೆ ಖುಷಿ, ಕೆಲವರಿಗೆ ಸಂಕೋಚ.

ಮುದ್ರಣ ಆದ ಮೇಲೆ ತಪ್ಪು ಗೊತ್ತಾದ್ರೆ?

ತಿದ್ದಿ, ಮತ್ತೆ ಮುದ್ರಿಸಿ. ಹಾಳೆಯ ಮೂಲೆಯಲ್ಲಿ ತಿಂಗಳು, ವರ್ಷ, ಎಷ್ಟನೇ ಸಲದ್ದು ಅಂತ ಬರೆಯಿರಿ. ಪಕ್ಕದಲ್ಲಿ "ಬಿಟ್ಟುಹೋದದ್ದಿದ್ದರೆ ತಿಳಿಸಿ" ಅಂತ ಒಂದು ಸಾಲು ಮತ್ತು ನಿಮ್ಮನ್ನು ಮುಟ್ಟುವ ದಾರಿ ಇರಲಿ. ಬಂದ ತಿದ್ದುಪಡಿಯನ್ನು ಒಂದು ನೋಟ್‌ಬುಕ್ಕಿನಲ್ಲಿ, ಯಾವ ಊರಿನವರು ಹೇಳಿದ್ದು ಅಂತ ಸಮೇತ ಬರೆದಿಡಿ. ನನ್ನ ಹುಳಿಯ ಚಾರ್ಟು ಈಗ ಐದನೇ ಸಲ ಮುದ್ರಣವಾಗಿದೆ. ವಾಟೆಹುಳಿ ಅದಕ್ಕೆ ಸೇರಿದ್ದು ನಾಲ್ಕನೇ ಸಲ, ಸಿದ್ದಾಪುರ ಕಡೆಯ ಒಬ್ಬ ಅಜ್ಜಿ ಒಣಗಿದ ನಾಲ್ಕು ಸೀಳನ್ನು ಕಾಗದದಲ್ಲಿ ಸುತ್ತಿ ಮೊಮ್ಮಗನ ಕೈಯಲ್ಲಿ ಅಂಗಡಿಗೆ ಕಳಿಸಿದ ಮೇಲೆ.